ಬೆನ್ನು ತೋರಿಸದ ಟೆಂಪೋ

ಶೇಖರನ ಟೆಂಪೋ ಊಳಿಡತೊಡಗಿದ್ದು ಒಂದು ಬುಧವಾರ. ಮಲಾಡಿನ ಹೋಟೆಲಿಗೆ ಬಾಳೆಲೆ ಇಳಿಸಿ ಕಾಂದಿವಲಿಗೆ ಹಿಂದಿರುಗುತ್ತಿದ್ದಾಗ ಹಿಂಬದಿಯಿಂದ 'ಊಂ...' ಎಂಬ ಸ್ವರ ಎದ್ದಿತು. ವೇಗ ಹೆಚ್ಚಿಸಿದರೆ ಸ್ವರ ಏರುತ್ತಿತ್ತು, ಕಾಲು ಸಡಿಲಿಸಿದರೆ ಇಳಿಯುತ್ತಿತ್ತು. ಯಾವುದೋ ಆಂಬುಲೆನ್ಸ್ ಬರುತ್ತಿದೆ ಎಂದುಕೊಂಡ ಶೇಖರ ಸಜ್ಜನನಂತೆ ಎಡಕ್ಕೆ ಸರಿದು ದಾರಿ ಬಿಟ್ಟ. ಹೀಗೆ ದಾರಿ ಬಿಡುತ್ತ ಬಿಡುತ್ತ ಎರಡು ಕಿಲೋಮೀಟರ್ ಬಂದ. ಕೊನೆಗೆ ಸಿಗ್ನಲಿನಲ್ಲಿ ಅವನು ನಿಂತಾಗ ಆಂಬುಲೆನ್ಸೂ ಸುಮ್ಮನಾಯಿತು. ಅವನು ಹೊರಟಾಗ ಅದೂ ಹೊರಟಿತು. ರೋಗಿ ತನ್ನ ಟೆಂಪೋವೇ ಎಂದು ಆಗ ಅವನಿಗೆ ಹೊಳೆಯಿತು.

ಶೇಖರ ಕಾಪುವಿನ ಕಡೆಯವನು. ಅಂಧೇರಿಯ ಹೋಟೆಲೊಂದರ ಕೂಪನ್ ಕೌಂಟರಿನಲ್ಲಿ ಇಪ್ಪತ್ತನಾಲ್ಕು ವರ್ಷ ಕುಳಿತು, ಆ ಹೋಟೆಲು ಮುಚ್ಚಿದ ಮೇಲೆ ಈ ನಾಲ್ಕು ಗೇರಿನ ಹಳೆಯ ಟೆಂಪೋ ಕೊಂಡಿದ್ದ. ಅದರ ಹಿಂದಿನ ಮಾಲಕ ದೈವಭಕ್ತ. ರಿವರ್ಸ್ ಗೇರು ಹಾಕಿದರೆ ಸಾಕು, ಆರತಿಯ ಧಾಟಿ ಗಟ್ಟಿಯಾಗಿ ಮೊಳಗುವಂತೆ ಹಾರ್ನು ಕೂರಿಸಿದ್ದ. ಅದನ್ನು ತೆಗೆಸುವ ಧೈರ್ಯ ಶೇಖರನಿಗೆ ಬಂದಿರಲಿಲ್ಲ.

ಯಂತ್ರಗಳ ವಿಷಯದಲ್ಲಿ ಅವನ ಜ್ಞಾನ ಅಷ್ಟಕ್ಕಷ್ಟೆ. ಆದರೆ ಎರಡು ವರ್ಷದ ಹಿಂದೆ ಸೊಸೈಟಿಯ ನೀರಿನ ಪಂಪು ನಿಂತಾಗ, ಅದರ ಬಾಯಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲವನ್ನು ಎಳೆದು ತೆಗೆದವನು ಅವನು. ಅಂದಿನಿಂದ ಸುಖಶಾಂತಿ ಸೊಸೈಟಿಯ ನಲವತ್ತೆಂಟು ಮನೆಗಳಿಗೂ ಅವನು 'ಇಂಜಿನಿಯರ್'. ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಒಳ್ಳೆಯವರ ಲಕ್ಷಣವಲ್ಲ ಎಂದು ನಂಬಿದ್ದ ಶೇಖರ ಆ ಪದವಿಯನ್ನೂ ಬೇಡವೆನ್ನಲಿಲ್ಲ.

ಟೆಂಪೋವನ್ನು ಅವನು ನೇರ ಒಯ್ದದ್ದು ಇಂಡಸ್ಟ್ರಿಯಲ್ ಎಸ್ಟೇಟಿನ ಈರಣ್ಣನ ಬಳಿಗೆ. ವಿಜಯಪುರದ ಕಡೆಯಿಂದ ಬಂದು ಮೂವತ್ತು ವರ್ಷ ಗಾಡಿಗಳ ಹೊಟ್ಟೆಯ ಕೆಳಗೇ ಮಲಗಿದ ಮನುಷ್ಯ ಈರಣ್ಣ. ಹಿಂದಿನ ಆಕ್ಸೆಲ್ ಬಿಚ್ಚಿ ಒಳಗೆ ಬೆರಳಾಡಿಸಿ, ಎಣ್ಣೆಯಲ್ಲಿ ಮಿನುಗುವ ನಾಲ್ಕು ಚೂರು ತೆಗೆದು ತೋರಿಸಿದ.

"ಕ್ರೌನ್-ಪಿನಿಯನ್ ಹೋಗ್ಯಾವ್ರಿ ಶೇಖರಣ್ಣ. ಎಂಜಿನ್ ತಿರುಗಿದ್ದನ್ನ ಈ ಸಣ್ಣ ಪಿನಿಯನ್ ತರ್ತೈತಿ, ಈ ತಾಟಿನಂಥ ದೊಡ್ಡ ಕ್ರೌನ್ ಅದನ್ನ ತಿರುವಿ ಗಾಲಿಗೆ ಕೊಡ್ತೈತಿ. ಎರಡರದೂ ಹಲ್ಲ ಉದುರ್ಯಾವ."

"ಹೊಸತು ಹಾಕುವ."

"ಈ ಮಾಡೆಲ್ಲಿಗೆ ಹೊಸಾವು ಎಲ್ಲಿಂದ ತರ್ತೀರಿ? ಬೈಕುಲ್ಲಾಕ್ಕ ಹೋಗ್ರಿ, ಹಳೇವು ಸಿಗ್ತಾವ. ಆದ್ರ ಒಂದ ಗಾಡಿದು ಕ್ರೌನ್, ಇನ್ನೊಂದ ಗಾಡಿದು ಪಿನಿಯನ್ ತರಬ್ಯಾಡ್ರಿ. ಕೂಡಿ ಸವದಿರೂವ ಬೇಕು. ಎರಡರ ಮ್ಯಾಲೂ ಒಂದ ನಂಬರ್ ಕೆತ್ತಿರ್ತಾರ, ನೋಡಿ ತರ್ರಿ."

"ತಂದ ಮೇಲೆ ಕೂರಿಸುದು ಸುಲಭ ಅಲ್ವಾ?"

ಈರಣ್ಣ ನಕ್ಕ. "ಹಳೇ ಹಲ್ಲ ಅಂದ್ರ ಹಳೇ ಚಪ್ಪಲಿ ಇದ್ದಂಗ್ರಿ. ಎಲ್ಲಿ ಸವದೈತೋ ಅಲ್ಲೇ ಹೆಜ್ಜಿ ಕೂಡಬೇಕು. ಹೊಸಾವು ಅಂತ ತಿಳಕೊಂಡು ಕುಂದರ್ಸಿದ್ರ ಮತ್ತ ಒದರ್ತಾವ. ಹಲ್ಲಿಗೆ ಬಣ್ಣಾ ಹಚ್ಚಿ ತಿರುವಬೇಕು, ಬಣ್ಣಾ ಎಲ್ಲಿ ಅಳೀತೈತಿ ನೋಡಬೇಕು, ಶಿಮ್ ಅಂತ ತೆಳ್ಳನ ಬಳಿ ಇರ್ತಾವ, ಅವನ್ನ ಹಾಕಬೇಕು, ತಗೀಬೇಕು, ಮತ್ತ ನೋಡಬೇಕು. ಹಲ್ಲ ಹಲ್ಲಿನ ನಡುವ ಒಂದ ಪೋಸ್ಟ್‌ಕಾರ್ಡಿನಷ್ಟ ಸಂದು. ಗಡಿಬಿಡಿ ನಡ್ಯಾಂಗಿಲ್ಲ."

ಗುರುವಾರ ಶೇಖರ ಬೈಕುಲ್ಲಾಕ್ಕೆ ಹೋದ. ಹಳೆಯ ಬಿಡಿಭಾಗಗಳ ಗಲ್ಲಿಯಲ್ಲಿ ದಪ್ಪ ಕನ್ನಡಕದ ಮುದುಕನೊಬ್ಬ, ಬೆಟ್ಟದಂಥ ರಾಶಿಯಿಂದ ಒಂದೇ ನಂಬರಿನ ಜೋಡಿಯನ್ನು ಹುಡುಕಿ ತೆಗೆದು, ಒರೆಸಿ, ಪೇಪರಿನಲ್ಲಿ ಸುತ್ತಿ, ಶೇಖರ ಸೊಂಟ ಹಿಡಿದುಕೊಂಡದ್ದನ್ನು ನೋಡಿ ತಾನೇ ಹೊತ್ತು ಸ್ಟೇಷನ್ ಮೆಟ್ಟಿಲ ತನಕ ತಂದುಕೊಟ್ಟ. ಆ ಜೋಡಿಯನ್ನು ಕಂಡು ಈರಣ್ಣನೂ ಮೆಚ್ಚಿದ. ಆದರೆ ಅವನ ಕೈಯಲ್ಲಿ ಆಗಲೇ ಸೋಲಾಪುರದ ಟಿಕೆಟು ಇತ್ತು.

"ತಂಗಿ ಮಗಳು ಬಸುರದಾಳ, ಅಕಿ ಕುಬಸ ಐತ್ರಿ. ಸೋಮವಾರ ಬರ್ತೇನಿ. ಅಲ್ಲೀತನಕ ಮುಟ್ಟಬ್ಯಾಡ್ರಿ."

ಮುಟ್ಟದೆ ಇರುವ ಹಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಅಂಧೇರಿಯ ಒಂದು ಸ್ಟುಡಿಯೋಕ್ಕೆ ಇನ್ನೂರು ಜನರ ತಿಂಡಿ ಮುಟ್ಟಬೇಕಾಗಿತ್ತು. ಆರ್ಡರು ಶೇಖರನದ್ದಲ್ಲ, ಅವನ ಹೆಂಡತಿ ಶೀಲಾವತಿ ಮತ್ತು ಕಟ್ಟಡದ ಐದು ಹೆಂಗಸರದ್ದು. ಇಷ್ಟು ವರ್ಷ ಅವರ ಕೈರುಚಿಯನ್ನು ಹೊಗಳಿದವರೆಲ್ಲ ಪುಕ್ಕಟೆ ತಿಂದವರೇ. ಮೊದಲ ಬಾರಿಗೆ ಯಾರೋ ಅಪರಿಚಿತರು ಇವರ ಇಡ್ಲಿಯನ್ನು ನಂಬಿದ್ದರು. ಭಾನುವಾರದ್ದು ಹಿಡಿಸಿದರೆ ಶೂಟಿಂಗ್ ಮುಗಿಯುವ ತನಕ, ಎಂದರೆ ಎರಡು ತಿಂಗಳು, ದಿನವೂ ಇವರದೇ ತಿಂಡಿ. ತಡವಾದರೆ ಅಲ್ಲಿಗೆ ಮುಗಿಯಿತು. ಶೀಲಾವತಿ ಆ ವಾರ ಕನಸಿನಲ್ಲೂ ಉದ್ದಿನಬೇಳೆ ಅಳೆಯುತ್ತಿದ್ದಳು.

"ಗಾಡಿ ತಯಾರಾಗ್ತದಲ್ಲ?" ಎಂದು ಅವಳು ಕೇಳಿದಾಗ ಶೇಖರ ಹೇಳಿದ ಮಾತು ಇಷ್ಟೇ: "ಇಂಜಿನಿಯರ್ ಮನೆಯಲ್ಲೇ ಇರುವಾಗ ನಿನಗೆಂತ ಚಿಂತೆ?"

ಹೇಳಿದ ಮೇಲೆ ಅವನಿಗೇ ಆ ಮಾತಿನಲ್ಲಿ ನಂಬಿಕೆ ಬಂತು.

ಶುಕ್ರವಾರ ಬೆಳಿಗ್ಗೆ, ಸೊಸೈಟಿಯ ಅಂಗಳದಲ್ಲಿ ಕೆಲಸ ಆರಂಭವಾಯಿತು. ಅಂಗಳದ ಒಂದು ತುದಿಯಲ್ಲಿ ಗೇಟು, ಅದಕ್ಕೆ ನೇರ ಎದುರಿನ ತುದಿಯಲ್ಲಿ ಅಶ್ವತ್ಥದ ಬುಡದಲ್ಲಿ ಪುಟ್ಟ ಗಣಪತಿ ಗುಡಿ. ಊಳಿಡುತ್ತಲೇ ಬಂದ ಟೆಂಪೋವನ್ನು ಗುಡಿಗೆ ಮುಖಮಾಡಿ ನಿಲ್ಲಿಸಿ, ಹಲ್ಲುಗಳನ್ನು ಹಿಡಿದಿಡುವ ಪೆಟ್ಟಿಗೆಯಾದ, ಆಕ್ಸೆಲಿನ ನಡುವಿನ ಹೌಸಿಂಗನ್ನು ಕಳಚಿ ಬೆಂಚಿನ ಮೇಲಿಟ್ಟ. ಬೇರಿಂಗುಗಳನ್ನು ಎಸ್ಟೇಟಿನಲ್ಲಿ ಹೊಡೆಸಿಕೊಂಡು ಬಂದ. ಹಲ್ಲಿಗೆ ಹಚ್ಚಲು ಈರಣ್ಣನ ಬಣ್ಣ ಇರಲಿಲ್ಲವಾಗಿ ಶೀಲಾವತಿಯ ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ. ಪೋಸ್ಟ್‌ಕಾರ್ಡು ಈ ಕಾಲದಲ್ಲಿ ಯಾರ ಮನೆಯಲ್ಲಿರುತ್ತದೆ? ನಲವತ್ತೆಂಟು ಮನೆಗಳಲ್ಲಿ ವಿಚಾರಿಸಿದರೂ ಸಿಗಲಿಲ್ಲ. ಆಗ ಶೀಲಾವತಿ ಕಪಾಟಿನ ಅಡಿಯಿಂದ, ತನ್ನ ತೀರಿಹೋದ ತಾಯಿ ಬರೆದಿದ್ದ ಒಂದನ್ನು ತಂದು ಅವನ ಕೈಗಿಟ್ಟಳು. ಶೇಖರ ಅಕ್ಷರವಿಲ್ಲದ ಮೂಲೆಯನ್ನು ಮಾತ್ರ ಉಗುರಿನಷ್ಟು ಕತ್ತರಿಸಿಕೊಂಡು ಉಳಿದದ್ದನ್ನು ಹಿಂದೆ ಕೊಟ್ಟ.

ಒಂದು ವಿಷಯದಲ್ಲಿ ಅವನು ಬಹಳ ಜಾಣತನ ತೋರಿದ್ದ. ಬಿಚ್ಚುವಾಗಲೇ 'ಕ್ರೌನು ನನ್ನ ಎಡಗೈ ಕಡೆ, ಕ್ರೌನು ನನ್ನ ಎಡಗೈ ಕಡೆ' ಎಂದು ಹನ್ನೊಂದು ಸಲ ಬಾಯಿಪಾಠ ಮಾಡಿಕೊಂಡಿದ್ದ. ಏಕೆಂದರೆ ಆ ಹಳೆಯ ಹೌಸಿಂಗಿನಲ್ಲಿ ಎಡಕ್ಕೂ ಬಲಕ್ಕೂ ವ್ಯತ್ಯಾಸವೇ ಇರಲಿಲ್ಲ. ಕ್ರೌನು ಎರಡೂ ಕಡೆ ಹಿಡಿಸುತ್ತಿತ್ತು.

ಮಧ್ಯಾಹ್ನ ಎದುರು ಮನೆಯ ರಾಜೀವಕ್ಕ ಹಪ್ಪಳದ ಚಾಪೆ ಹಿಡಿದು ಬಂದರು. ಎಪ್ಪತ್ತು ದಾಟಿದ ಹೆಂಗಸು. ಅಂಗಳದ ಬಿಸಿಲಿನ ಮೇಲೆ ಅವರ ಹಕ್ಕು ಸೊಸೈಟಿಗಿಂತ ಹಳೆಯದು.

"ಶೇಖರಾ, ನಿನ್ನ ಬೆಂಚಿನ ನೆರಳು ನನ್ನ ಹಪ್ಪಳಕ್ಕೆ ಬೀಳ್ತದೆ ಮಾರಾಯ."

ಶೇಖರ ಯಾರ ಹಪ್ಪಳಕ್ಕೂ ಅಡ್ಡ ಬರುವವನಲ್ಲ. ಹೌಸಿಂಗಿನ ಸಮೇತ ಬೆಂಚನ್ನು ಗೋಡೆಯ ಕಡೆಗೆ ಸರಿಸಿ, ಜಾಗ ಸಾಲದೆ ತಾನು ಬೆಂಚಿನ ಆಚೆ ಬದಿಗೆ ಹೋಗಿ ನಿಂತ. ಕೆಲಸ ಮುಂದುವರಿಯಿತು. ತಾನು ಬದಿ ಬದಲಿಸಿದಾಗ ತನ್ನ ಎಡಗೈಯೂ ಜೊತೆಗೇ ಬಂದುಬಿಟ್ಟಿದೆ ಎಂಬ ಒಂದು ಸಂಗತಿ ಮಾತ್ರ ಅವನಿಗೆ ತೋಚಲಿಲ್ಲ.

ಉಳಿದ ಕೆಲಸ ನಿಜಕ್ಕೂ ಶ್ರೇಷ್ಠವಾಗಿತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕುಂಕುಮ ಹಚ್ಚಿದ, ತಿರುಗಿಸಿದ, ಶಿಮ್ ತೆಗೆದ, ಹಾಕಿದ. ಒಂಬತ್ತನೆಯ ಸಲ, ಕುಂಕುಮ ಸರಿಯಾಗಿ ಹಳೆಯ ಸವೆತದ ಗುರುತಿನ ಮೇಲೆಯೇ ಅಳಿಸಿತು. ಪೋಸ್ಟ್‌ಕಾರ್ಡಿನ ಚೂರು ಹಲ್ಲುಗಳ ನಡುವೆ ಹರಿಯದೆ, ಸಡಿಲವಾಗದೆ ಹೋಗಿ ಬಂತು. ಕುಂಕುಮ ಮೆತ್ತಿದ ಆ ಚಕ್ರವನ್ನು ಕಂಡ ರಾಜೀವಕ್ಕ ಒಂದು ಕೆಂಪು ದಾಸವಾಳ ತಂದು ಅದರ ಮೇಲಿಟ್ಟು ಹೋದರು.

ಶನಿವಾರ ಮೂರು ಗಂಟೆಗೆ ಎಲ್ಲ ಜೋಡಿಸಿಯಾಯಿತು. ಬಾಲ್ಕನಿಗಳಲ್ಲಿ ಹೆಂಗಸರು, ಮಕ್ಕಳು, ಒಣಗಿದ ಬಟ್ಟೆಗಳ ನಡುವೆ ಮುಖಗಳು. ಶೇಖರ ಗುಡಿಗೆ ಕೈಮುಗಿದು, ಟೆಂಪೋ ಹತ್ತಿ, ಮೊದಲನೆಯ ಗೇರು ಹಾಕಿ ಕ್ಲಚ್ ಬಿಟ್ಟ.

ಟೆಂಪೋ ಹಿಂದೆ ಹೋಯಿತು.

ಶೇಖರ ಬ್ರೇಕು ಒತ್ತಿದ. ಎರಡನೆಯ ಗೇರು ಹಾಕಿದ. ಟೆಂಪೋ ಇನ್ನೂ ಹುರುಪಿನಿಂದ ಹಿಂದೆ ಹೋಯಿತು. ರಿವರ್ಸ್ ಹಾಕಿದ. ಆರತಿ ಮೊಳಗಿತು, ಟೆಂಪೋ ಗಣಪತಿಯ ಕಡೆಗೆ ಗಂಭೀರವಾಗಿ ಮುಂದೆ ಸಾಗಿತು. ಇದು ಕನಸೋ ನನಸೋ ತಿಳಿಯದೆ ಅವನು ಮತ್ತೆರಡು ಸಲ ಪರೀಕ್ಷಿಸಿದ.

ಬಾಲ್ಕನಿಯವರು ಕಂಡದ್ದು ಬೇರೆ. ಗಾಡಿಯೊಂದು ಆರತಿ ಹಾಡುತ್ತ ದೇವರ ಸನ್ನಿಧಿಗೆ ಬರುತ್ತದೆ; ಬಂದು, ಗರ್ಭಗುಡಿಯಿಂದ ಹೊರಡುವ ಭಕ್ತರ ಹಾಗೆ, ದೇವರಿಗೆ ಬೆನ್ನು ಹಾಕದೆ, ಮೌನವಾಗಿ ಹಿಂದೆ ಹಿಂದೆ ಸರಿಯುತ್ತದೆ. ಅದೂ ಮೂರು ಸಲ.

ರಾಜೀವಕ್ಕನ ಕೈಗಳು ತಾವಾಗಿ ಜೋಡಿಕೊಂಡವು. "ಶೇಖರಾ, ದೇವರಿಗೆ ಬೆನ್ನು ತೋರಿಸಬಾರದೂಂತ ಹೀಗೆ ಬಿಡ್ತಾ ಇದ್ದಿಯಾ?"

ಈ ಪ್ರಶ್ನೆಗೆ ಎರಡು ಉತ್ತರಗಳಿದ್ದವು. ಒಂದು ಉದ್ದದ್ದು, ಅದರಲ್ಲಿ ಕ್ರೌನು, ಎಡಗೈ, ಹಪ್ಪಳ ಎಲ್ಲ ಬರುತ್ತಿದ್ದವು, ಇಂಜಿನಿಯರ್ ಎಂಬ ಪದವಿ ಹೋಗುತ್ತಿತ್ತು. ಇನ್ನೊಂದು ಚಿಕ್ಕದು.

"ಹೂಂ," ಎಂದ ಶೇಖರ.

"ಹರಕೆಯಾ?"

"ಹೂಂ."

ಗಾಡಿಯೊಳಗೇ ಕುಳಿತು ಅವನು ಈರಣ್ಣನಿಗೆ ಫೋನು ಮಾಡಿದ. ಅತ್ತಲಿಂದ ಕುಬಸದ ಹಾಡು ಕೇಳುತ್ತಿತ್ತು.

"ಹಾಕಿದ್ರೇನ್ರೀ? ಬ್ಯಾಡಂದಿದ್ನಲ್ರೀ! ಹಲ್ಲ ಹೆಂಗ ಕೂತಾವ?"

"ಗುರುತಿನ ಮೇಲೇ ಕೂತಿದೆ ಈರಣ್ಣ."

"ಸಪ್ಪಳ?"

"ಒಂಚೂರೂ ಇಲ್ಲ."

"ಭೇಷ್! ಮತ್ತೇನ್ ತ್ರಾಸ?"

"ಮುಂದೆ ಹೋಗುದಿಲ್ಲ."

"ಗೇರ್ ಬೀಳವಲ್ದೇನು?"

"ಬೀಳ್ತದೆ. ನಾಲ್ಕೂ ಬೀಳ್ತದೆ. ನಾಲ್ಕರಲ್ಲೂ ಹಿಂದೆ ಹೋಗ್ತದೆ. ರಿವರ್ಸಿನಲ್ಲಿ ಮುಂದೆ ಹೋಗ್ತದೆ."

ಕುಬಸದ ಹಾಡಿನ ನಡುವೆ ಈರಣ್ಣ ಎರಡು ಸಲ ಕೆಮ್ಮಿದ. ಅವನು ನಗು ತಡೆಯುತ್ತಿದ್ದಾನೆಂದು ಶೇಖರನಿಗೆ ಗೊತ್ತಾಯಿತು, ತಡೆಯುತ್ತಿರುವುದು ತನಗಾಗಿಯೇ ಎಂದೂ ಗೊತ್ತಾಯಿತು.

"ಕ್ರೌನ್ ಆ ಕಡೀದು ಈ ಕಡೆ ಬಂದೈತ್ರಿ ಅಣ್ಣಾ. ಅದಕ ಗಾಲಿ ಉಲ್ಟಾ ತಿರಗ್ತಾವ. ಗಾಬರಿ ಬ್ಯಾಡ. ಬಿಚ್ಚಿ ಮಗ್ಗಲ ಬದಲ್ ಮಾಡ್ರಿ. ನಾಕ ತಾಸಿನ ಕೆಲಸ."

ನಾಲ್ಕು ತಾಸು ಎಂದರೆ ಸಂಜೆ ಏಳೂವರೆ. ಶೇಖರ ಜಾಕ್ ಹಿಡಿದು ಗಾಡಿಯಡಿ ನುಗ್ಗಿದ. ಆದರೆ ಈಚೆಗೆ ಎಂಟು ಹತ್ತು ಜೊತೆ ಕಾಲುಗಳು ಆಗಲೇ ಬಂದು ನಿಂತಿದ್ದವು.

"ಹರಕೆಯ ಗಾಡಿಯನ್ನು ನಡುವಿನಲ್ಲಿ ಬಿಚ್ಚುದಾ?" ರಾಜೀವಕ್ಕನ ಧ್ವನಿ. "ನಾಳೆ ಹೆಂಗಸರ ಮೊದಲ ಆರ್ಡರು. ಅವರು ಹೋಗುದಾದರೆ ಈ ಗಾಡಿಯಲ್ಲೇ ಹೋಗ್ಬೇಕು."

ಆರ್ಡರಿನ ಐದು ಹೆಂಗಸರೂ ಹೌದೆಂದರು. ಒಬ್ಬಾಕೆ ಎದುರಿನ ಕನ್ನಡಿಗೆ ಹಾರ ಹಾಕಿದಳು. ಸೊಸೈಟಿಯ ಸೆಕ್ರೆಟರಿ ಸಾಟಮ್ ಸಾಹೇಬರು ಬನಿಯನ್ನಿನ ಮೇಲೆ ಶರ್ಟು ಏರಿಸಿಕೊಳ್ಳುತ್ತ ಬಂದರು. ಮುನಿಸಿಪಾಲಿಟಿಯಿಂದ ನಿವೃತ್ತರಾದ ಮೇಲೆ ಅವರಿಗೆ ನೋಟೀಸು ಬರೆಯುವ ಅವಕಾಶ ಸಿಗುವುದೇ ಅಪರೂಪವಾಗಿತ್ತು.

"ಶೇಖರ್‌ಭಾವೂ, ಇತನೀ ಬಡೀ ಬಾತ್, ಹಮ್ಕೋ ಬತಾಯಾ ನಹೀ!" ಎಂದು ತಮಗೆ ಹೇಳದಿದ್ದುದಕ್ಕೆ ಮುನಿಸು ತೋರಿ, ಅರ್ಧ ಗಂಟೆಯಲ್ಲಿ ಮರಾಠಿಯಲ್ಲಿ ನೋಟೀಸು ಅಂಟಿಸಿದರು. ಇನ್ನು ಮುಂದೆ ಸೊಸೈಟಿಯ ಯಾವ ವಾಹನವೂ ಶ್ರೀ ಗಣಪತಿಗೆ ಬೆನ್ನು ತೋರಿಸಿ ಹೊರಗೆ ಹೋಗತಕ್ಕದ್ದಲ್ಲ.

ಫಲ ಕೂಡಲೇ ಕಾಣಿಸಿತು. ಶೀಲಾವತಿಯ ತಮ್ಮ ಪ್ರೀತಮ್ ಹೊಸ ಕಾರು ಕೊಂಡು ಒಂದು ತಿಂಗಳಾಗಿತ್ತು, ರಿವರ್ಸ್ ಇನ್ನೂ ಕಲಿತಿರಲಿಲ್ಲ. ಭಕ್ತಿಯಿಂದ ಹಿಂದೆ ಹೋದವನು ತುಳಸಿಯ ಎರಡು ಕುಂಡ ಒಡೆದ. ಟ್ಯೂಷನ್ ಕ್ಲಾಸಿನ ವ್ಯಾನು ಬೆನ್ನು ಮುಂದಾಗಿ ರಸ್ತೆಗೆ ಇಳಿದದ್ದೇ ತರಕಾರಿ ಗಾಡಿ, ಬೆಸ್ಟ್‌ನ ಸಿಟಿ ಬಸ್ಸು, ಮೂರು ರಿಕ್ಷಾ ಒಂದಕ್ಕೊಂದು ಮುಖ ಕೊಟ್ಟು ನಿಂತವು. ಪಕ್ಕದ ಸೊಸೈಟಿಯವರು ಗೋಡೆಯ ಮೇಲಿಂದ ನೋಡಿ, ತಮ್ಮಲ್ಲಿ ಗುಡಿಯೇ ಇಲ್ಲವಲ್ಲ ಎಂದು ಕೊರಗಿದರು.

ಸಂಜೆ ಆರಕ್ಕೆ ಶೇಖರನಿಗೆ ತಡೆಯಲಾಗಲಿಲ್ಲ. ಹಾಲಿನ ಕ್ರೇಟಿನ ಮೇಲೆ ಹತ್ತಿ ನಿಂತು ಕೂಗಿದ. "ಕೇಳಿ! ಹರಕೆಯೂ ಇಲ್ಲ, ಎಂತದೂ ಇಲ್ಲ. ನಾನು ಕ್ರೌನ್ ಉಲ್ಟಾ ಕೂರಿಸಿದ್ದೇನೆ. ನನ್ನ ತಪ್ಪು. ಗಾಡಿ ಬಿಚ್ಚಲಿಕ್ಕೆ ಬಿಡಿ!"

ಅಂಗಳದವರು ಒಬ್ಬರನ್ನೊಬ್ಬರು ನೋಡಿಕೊಂಡರು.

"ನೋಡಿದಿರಾ!" ಎಂದರು ರಾಜೀವಕ್ಕ, ಕಣ್ಣು ಒರೆಸಿಕೊಂಡು. "ಹರಕೆ ಹೇಳಿಕೊಂಡರೆ ಫಲ ಹೋಗ್ತದೇಂತ ತಪ್ಪು ತನ್ನ ಮೇಲೆ ಹಾಕ್ಕೊಳ್ತಾ ಇದ್ದಾನೆ. ಎಂಥ ವಿನಯ!"

"ಪಂಪು ಸರಿಮಾಡಿದ ಇಂಜಿನಿಯರ್ ಉಲ್ಟಾ ಕೂರಿಸ್ತಾನಂತೆ!" ಪ್ರೀತಮ್ ನಕ್ಕ. "ಭಾವ, ನೀವು ಹೇಳಿದರೂ ನಾವು ನಂಬಬೇಕಲ್ಲ!"

ಶೇಖರ ಕ್ರೇಟಿನಿಂದ ಇಳಿದ. ಇಪ್ಪತ್ತು ಜನ ಅವನ ಕೈಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡರು.

ಮನೆಯಲ್ಲಿ ಶೀಲಾವತಿ ಗ್ರೈಂಡರಿನ ಮುಂದೆ ಇದ್ದಳು. ಅವನ ಮುಖ ನೋಡಿ ಯಂತ್ರ ನಿಲ್ಲಿಸಿದಳು.

"ನೀವು ಕ್ರೇಟಿನ ಮೇಲೆ ಹೇಳಿದ್ದು ನಿಜವಾ?"

"ನಿಜ."

ಅವಳು ಬೈಯಬಹುದಿತ್ತು; ಬೈಯುವ ಮಾತು ಮೂವತ್ತು ವರ್ಷದಲ್ಲಿ ಸಾಕಷ್ಟು ಕೂಡಿಹಾಕಿದ್ದಳು ಕೂಡಾ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು: "ಮುಂದೆ ಹೋಗುವ ಗೇರು ಒಂದಾದರೂ ಉಂಟಲ್ಲ?"

"ಉಂಟು. ಓಡುವವರ ಜೊತೆ ಓಡಿದ ಹಾಗೆ ಹೋಗ್ತದೆ, ಅಷ್ಟೆ."

"ಅಂಧೇರಿಗೆ ಎಷ್ಟು ಹೊತ್ತು?"

"ಒಂದು ಗಂಟೆ. ಎಂಜಿನ್ ಕಾದರೆ ಒಂದೂವರೆ."

"ಹಾಗಾದರೆ ಐದೂವರೆಯ ಬದಲು ಐದಕ್ಕೂ ಮೊದಲೇ ಹೊರಡುವ. ನಾಲ್ಕಕ್ಕೆ ಇಡ್ಲಿ ಇಡ್ತೇವೆ. ನೀವು ಈಗ ಊಟ ಮಾಡಿ. ಮಧ್ಯಾಹ್ನದಿಂದ ಏನೂ ತಿಂದಿಲ್ಲ." ತಟ್ಟೆ ಇಟ್ಟ ಮೇಲೆ ಇನ್ನೊಂದು ಮಾತು ಸೇರಿಸಿದಳು. "ನಾಳೆ ಇಷ್ಟೂ ಜನ ಹಿಂದೆ ಬರ್ತಾರೆ, ನೋಡ್ತಾ ಇರಿ. ಇನ್ನೆರಡು ಸೇರು ರವೆ ಹುರಿದಿಡ್ತೇನೆ."

ಅವಳು ಹೇಳಿದ ಹಾಗೆಯೇ ಆಯಿತು. ಭಾನುವಾರ ಐದಕ್ಕೆ ಮೊದಲೇ ಟೆಂಪೋ ತುಂಬಿತು. ಇಡ್ಲಿಯ ಡಬ್ಬಗಳು, ಸಾಂಬಾರಿನ ಕ್ಯಾನುಗಳು, ವಡೆಯ ಬುಟ್ಟಿಗಳು, ಅವುಗಳ ನಡುವೆ ಐದು ಹೆಂಗಸರು. ಗೇಟಿನಿಂದ ಮೌನವಾಗಿ ಹಿಮ್ಮುಖವಾಗಿ ಹೊರಬಂದು, ರಸ್ತೆಯಲ್ಲಿ ತಿರುಗಿ, ಶೇಖರ ರಿವರ್ಸ್ ಗೇರು ಹಾಕಿದ. ಆರತಿ ಮೊಳಗಿತು. ಇನ್ನು ಅಂಧೇರಿ ಬರುವ ತನಕ ಅದು ನಿಲ್ಲುವ ಹಾಗಿರಲಿಲ್ಲ.

ಹಿಂದೆ ಪ್ರೀತಮನ ಕಾರು, ಅದರ ಹಿಂದೆ ರಾಜೀವಕ್ಕ ಮತ್ತಿತರರ ನಾಲ್ಕು ರಿಕ್ಷಾ, ಸಾಟಮ್ ಸಾಹೇಬರ ಸ್ಕೂಟರು, ಏಳೆಂಟು ಬೈಕು. ಎಲ್ಲರೂ ಸ್ನಾನ ಮಾಡಿ ಬಂದಿದ್ದರು. ಎಸ್.ವಿ. ರ‍ೋಡಿನ ಉದ್ದಕ್ಕೂ ಈ ದಿಬ್ಬಣ ಗಂಟೆಗೆ ಹದಿನೈದು ಕಿಲೋಮೀಟರಿನಂತೆ ಸಾಗಿತು. ಮುಂಜಾವಿನಲ್ಲಿ ವಾಕಿಂಗ್ ಹೊರಟ ಮುದುಕರು ನಿಂತು ನಮಸ್ಕರಿಸಿದರು. ಓಡುತ್ತಿದ್ದ ಹುಡುಗನೊಬ್ಬ ಮಲಾಡಿನಲ್ಲಿ ಟೆಂಪೋವನ್ನು ದಾಟಿ ಮುಂದೆಯೂ ಹೋದ.

ಮಲಾಡಿನಲ್ಲಿ ರಸ್ತೆಗಳು ಕೂಡುವ ನಾಕಾದಲ್ಲಿ ಮಾರ್ಕೆಟಿನ ಲಾರಿಗಳು ಅಡ್ಡ ನಿಂತಿದ್ದವು. ಸರತಿ ಕಾದಿದ್ದರೆ ಅರ್ಧ ಗಂಟೆ ಅಲ್ಲೇ ಹೋಗುತ್ತಿತ್ತು. ಹವಾಲ್ದಾರ ಬಂದು ಶೇಖರನ ಕಿಟಕಿ ತಟ್ಟಿದ.

"ಕಾಯ್ ಆಹೇ ಹೇ?" ಎಂದ, ಇದೇನೆಂದು.

ಶೇಖರ ಬಾಯಿ ತೆರೆಯುವ ಮೊದಲೇ ಸಾಟಮ್ ಸಾಹೇಬರು ಸ್ಕೂಟರಿನಿಂದ ಇಳಿದು, ಸೆಕ್ರೆಟರಿಗೆ ತಕ್ಕ ಗಾಂಭೀರ್ಯದಿಂದ, "ಬಾಪ್ಪಾಂಚಾ ನವಸ್ ಆಹೇ," ಎಂದರು. ಗಣಪತಿಯ ಹರಕೆ. ಹವಾಲ್ದಾರ ಟೋಪಿ ತೆಗೆದು, ಎಂಜಿನ್ನಿಗೆ ಕೈಮುಗಿದು, ಮತ್ತೆ ಟೋಪಿ ಹಾಕಿ, ಸೀಟಿ ಊದಿದ. ಲಾರಿಗಳು ಎರಡೂ ಬದಿಗೆ ಸರಿದವು. ಮಂತ್ರಿಗಳಿಗೂ ಸಿಗದ ದಾರಿ ಇಡ್ಲಿಗೆ ಸಿಕ್ಕಿತು.

ಗೋರೆಗಾಂವಿನಲ್ಲಿ ಬಾನೆಟ್ಟಿನಿಂದ ಉಗಿ ಎದ್ದಿತು. ಒಂದೇ ಸಣ್ಣ ಗೇರಿನಲ್ಲಿ ಅಷ್ಟು ದೂರ ಓಡಿದ ಎಂಜಿನ್ನು ಬೇರೇನು ಮಾಡೀತು? ಹಿಂದಿನವರು "ಧೂಪ, ಧೂಪ" ಎಂದರು. ಹಾಲಿನ ಅಂಗಡಿಯ ಮುಂದೆ ಕ್ರೇಟು ತೊಳೆಯುತ್ತಿದ್ದ ಹೆಂಗಸು ಮಾತ್ರ ಏನೂ ಕೇಳದೆ ಎರಡು ಬಕೆಟ್ ನೀರು ತಂದಳು. ಒದ್ದೆ ಗೋಣಿಯಿಂದ ರೇಡಿಯೇಟರಿನ ಮುಚ್ಚಳ ತೆಗೆದುಕೊಟ್ಟಳು. ಶೀಲಾವತಿ ಅವಳ ಕೈಗೆ ಬಾಳೆಲೆಯಲ್ಲಿ ಸುತ್ತಿದ ಎರಡು ವಡೆ ಇಟ್ಟಳು. ಇಬ್ಬರೂ ಒಬ್ಬರ ಹೆಸರು ಒಬ್ಬರು ಕೇಳಲಿಲ್ಲ.

ಆರು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಟೆಂಪೋ ಸ್ಟುಡಿಯೋದ ಗೇಟು ದಾಟಿತು. ಊಟೋಪಚಾರ ನೋಡಿಕೊಳ್ಳುವ ಶೀತಲ್ ಎಂಬ ಹುಡುಗಿ ಗಡಿಯಾರ ನೋಡಿ ಉಸಿರುಬಿಟ್ಟಳು. ಆಮೇಲೆ ಟೆಂಪೋದ ಹಿಂದೆ ಇಳಿಯುತ್ತಿದ್ದ ಮೂವತ್ತು ಮೂವತ್ತೆರಡು ಜನರನ್ನು ನೋಡಿ ಎಳೆದುಕೊಂಡ ಉಸಿರನ್ನು ಬಿಡಲಿಲ್ಲ. ಅವರೆಲ್ಲ ಇಡ್ಲಿಯ ಡಬ್ಬದ ಮುಂದೆ ಸಾಲಾಗಿ, ಬಲಗೈ ಮುಂದೆ ಮಾಡಿ ನಿಲ್ಲತೊಡಗಿದ್ದರು.

"ಆಂಟಿ, ಈ ಲೋಗ್ ಯಾರು? ಟೂ ಹಂಡ್ರೆಡ್ ಪ್ಲೇಟ್ ನಮ್ಮ ಯೂನಿಟಿಗೆ ಮಾತ್ರ ಅಲ್ವಾ?" ಮನೆಯಲ್ಲಿ ಅಜ್ಜಿಯೊಡನೆ ಮಾತ್ರ ಆಡುತ್ತಿದ್ದ ಕನ್ನಡವನ್ನು ಹುಡುಗಿ ಹುಡುಕಿ ಹುಡುಕಿ ಆಡಿದಳು.

"ಪ್ರಸಾದ ಉಂಟಲ್ಲ, ಅಕ್ಕ?" ಪ್ರೀತಮ್ ಸಾಲಿನ ಮೊದಲಲ್ಲೇ ಇದ್ದ.

ಶೇಖರ ಕಣ್ಣು ಮುಚ್ಚಿಕೊಂಡ. ಮೂವತ್ತೆರಡು ಜನ ತಲಾ ನಾಲ್ಕು ಇಡ್ಲಿ ತಿಂದರೆ ಯೂನಿಟಿನ ಅಷ್ಟೇ ಜನ ಉಪವಾಸ. ಎರಡು ತಿಂಗಳ ಆರ್ಡರು ಇಲ್ಲೇ, ಈ ಅಂಗಳದಲ್ಲೇ ಮುಗಿಯುತ್ತದೆ. ಅದಕ್ಕೆ ಕಾರಣ ತಾನು ಹೇಳಿದ ಒಂದು 'ಹೂಂ'.

ಶೀಲಾವತಿ ತಮ್ಮನ ಚಾಚಿದ ಕೈಯನ್ನು ನೋಡಿದಳು. ಆ ಕೈಗೆ ಇಡ್ಲಿಯ ಬದಲು ಸೌಟು ಇಟ್ಟಳು.

"ಉಂಟು. ಆದರೆ ಬಡಿಸದೆ ತಿನ್ನುವ ಕ್ರಮ ಎಲ್ಲಿ ಉಂಟು? ಮೊದಲು ಇಲ್ಲಿಯವರಿಗೆ ಬಡಿಸಬೇಕು, ಬಡಿಸಿದವರಿಗೆ ಕೊನೆಯ ಪಂಕ್ತಿ. ಪುಣ್ಯ ಬಡಿಸಿದವರಿಗೇ. ಅಲ್ವಾ ರಾಜೀವಕ್ಕ?"

ಕ್ರಮ ಎಂದ ಮೇಲೆ ರಾಜೀವಕ್ಕ ಬಿಟ್ಟಾರೆಯೇ? ಎರಡು ನಿಮಿಷದಲ್ಲಿ ಮೂವತ್ತೆರಡು ಜನರ ಕೈಗೂ ಒಂದೊಂದು ಕೆಲಸ ಬಂತು. ಸಾಟಮ್ ಸಾಹೇಬರು ಚಟ್ನಿಗೆ ನಿಂತರು. ಮುನಿಸಿಪಾಲಿಟಿಯಲ್ಲಿ ಫೈಲುಗಳನ್ನು ಮುಂದೆ ಸರಿಸದಿದ್ದ ಆ ಕೈ ಅಂದು ತಟ್ಟೆಗಳನ್ನು ಸರಸರನೆ ಸರಿಸಿತು. ಕ್ಯಾಮೆರಾದವರು, ಮೇಕಪ್ಪಿನವರು, ಲೈಟು ಹೊರುವವರು ಸಾಲಿನಲ್ಲಿ ನಿಲ್ಲದೆ, ಕುಳಿತಲ್ಲೇ ಬಿಸಿ ಇಡ್ಲಿ ತಿಂದರು. ಮೀಸೆ ಅಂಟಿಸಿಕೊಂಡು ಕುಳಿತಿದ್ದ ಒಬ್ಬ ಹಿರಿಯ ನಟ ಮೀಸೆ ಕಳಚಿಟ್ಟು ಎರಡನೆಯ ಸಲ ಹಾಕಿಸಿಕೊಂಡ. ಬಡಿಸಿದವರು ಕೊನೆಗೆ, ಶೀಲಾವತಿ ಹೆಚ್ಚಿಗೆ ಮಾಡಿಟ್ಟ ಉಪ್ಪಿಟ್ಟನ್ನು, ಪಾತ್ರೆಯ ತಳ ಕಾಣುವ ತನಕ ಪ್ರಸಾದವೆಂದು ಹಂಚಿಕೊಂಡರು.

ಶೀತಲ್ ಓಡಿಬಂದಳು. "ಆಂಟಿ, ಡನ್! ಎರಡು ತಿಂಗಳು ನಿಮ್ಮದೇ. ಯಾರೂ ಇಷ್ಟು ಚೆನ್ನಾಗಿ ಸರ್ವ್ ಮಾಡಿಲ್ಲ. ಮಗರ್ ದಿನಾ ಇಷ್ಟೇ ಸ್ಟಾಫ್ ಬೇಕು, ಹಾಂ?"

ಶೀಲಾವತಿ ಗಂಡನತ್ತ ತಿರುಗಿದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ಶೇಖರ ಕಂಡಿರಲಿಲ್ಲ.

ಸೋಮವಾರದ ತಿಂಡಿಯೂ ಹಾಗೆಯೇ ಮುಟ್ಟಿತು. ಮಧ್ಯಾಹ್ನ, ರೈಲಿನಿಂದ ನೇರವಾಗಿ ಬಂದ ಈರಣ್ಣ, ಸೊಸೈಟಿಯವರ ಕಣ್ಣಿಗೆ ಬೀಳದ ಎಸ್ಟೇಟಿನ ತನ್ನ ಶೆಡ್ಡಿನಲ್ಲಿ ಟೆಂಪೋ ಬಿಚ್ಚಿದ. ಹಲ್ಲುಗಳನ್ನು ಟಾರ್ಚು ಹಾಕಿ ನೋಡಿ, ಕ್ರೌನನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಮತ್ತೆ ನೋಡಿದ.

"ಏನು ಈರಣ್ಣ? ಹಾಳಾಗಿದೆಯಾ?"

"ಇಲ್ರೀ. ಭಾಳ ಚಂದ ಕುಂದರ್ಸೀರಿ. ನನಗೂ ಒಂಬತ್ತ ಸಲಕ್ಕ ಇಷ್ಟ ಬರೂದಿಲ್ಲ." ಅವನು ಕ್ರೌನನ್ನು ಆಚೆ ಮಗ್ಗಲಿಗೆ ಸರಿಸಿ, ಸಂದು ಮತ್ತೆ ಅಳೆದು, ಸಂಜೆಯೊಳಗೆ ಮುಚ್ಚಿಕೊಟ್ಟ. ನಡೆದ ಕಥೆ ಕೇಳಿ ನಕ್ಕನಾದರೂ, ಎಸ್ಟೇಟಿನ ಬೇರೆ ಯಾರಿಗೂ ಅದನ್ನು ಹೇಳಲಿಲ್ಲ.

ಮಂಗಳವಾರ ಬೆಳಗಿನ ಐದೂವರೆ. ಡಬ್ಬಗಳು ಏರಿದವು, ಸೌಟು ಹಿಡಿದ ಭಕ್ತರು ಗೇಟಿನ ಹೊರಗೆ ರಿಕ್ಷಾಗಳಲ್ಲಿ ತಯಾರಾಗಿದ್ದರು. ಹಿಂದಿನ ಸಂಜೆಯೇ ಟೆಂಪೋದ ಮೂತಿಯನ್ನು ಗೇಟಿನ ಕಡೆಗೆ ತಿರುಗಿಸಿ ನಿಲ್ಲಿಸಿದ್ದ ಶೇಖರ, ಪಕ್ಕದಲ್ಲಿ ಶೀಲಾವತಿಯನ್ನು ಕೂರಿಸಿಕೊಂಡು ಮೊದಲನೆಯ ಗೇರು ಹಾಕಿದ. ಟೆಂಪೋ ಸದ್ದಿಲ್ಲದೆ, ಬೆಣ್ಣೆಯ ಹಾಗೆ ಮುಂದೆ ಸರಿಯಿತು. ಅವನ ಮುಖ ಅರಳಿತು. ಹತ್ತು ಅಡಿ ಹೋಗಿರಬಹುದು.

"ಶೇಖರಾ! ದೇವರಿಗೆ ಬೆನ್ನು!"

ಗೇಟಿನಲ್ಲಿ ಸಾಟಮ್ ಸಾಹೇಬರು ಎರಡೂ ಕೈ ಚಾಚಿ ಅಡ್ಡ ನಿಂತಿದ್ದರು. ಅವರ ಪಕ್ಕದಲ್ಲಿ ನೋಟೀಸು. ಈಗ ಅದಕ್ಕೆ ಗಾಜಿನ ಚೌಕಟ್ಟು ಬಂದಿತ್ತು.

"ಸಾಹೇಬರೇ, ಗಾಡಿ ಈಗ ಸರಿಯಾಗಿದೆ," ಎಂದು ಶೇಖರ ಅಂಗಲಾಚಿದ. "ಮೊದಲು ಕ್ರೌನ್ ಉಲ್ಟಾ ಇತ್ತು—"

"ಪುನಃ ವಿನಯ!" ಎಂದರು ರಾಜೀವಕ್ಕ ರಿಕ್ಷಾದೊಳಗಿಂದ.

ಶೇಖರ ಹೆಂಡತಿಯ ಕಡೆ ನೋಡಿದ. ಶೀಲಾವತಿ ಮಡಿಲಲ್ಲಿದ್ದ ಡಬ್ಬವನ್ನು ಮುಟ್ಟಿ ನೋಡಿದಳು.

"ಇಡ್ಲಿ ತಣಿಯುತ್ತದೆ," ಎಂದಳು. "ತಿರುಗಿಸಿ."

ಅವನು ಐದು ಸಲ ಮುಂದೆ ಹಿಂದೆ ಮಾಡಿ ಗಾಡಿಯನ್ನು ಗಣಪತಿಗೆ ಎದುರಾಗಿ ತಿರುಗಿಸಿದ. ಕುತ್ತಿಗೆ ಹೊರಳಿಸಿ ರಿವರ್ಸ್ ಹಾಕಿದ. ಆರತಿ ಮೊಳಗಿತು, ಬಾಲ್ಕನಿಗಳಲ್ಲಿ ಕೈಗಳು ಜೋಡಿಕೊಂಡವು, ಮೂವತ್ತೆರಡು ಜನ ಒಟ್ಟಾಗಿ "ಆನೇ ದೋ, ಆನೇ ದೋ" ಎಂದು ದಾರಿ ತೋರಿಸಿದರು. ನಾಲ್ಕು ಗೇರುಗಳು ಮುಂದಕ್ಕೆ ಓಡಲು ಸಜ್ಜಾಗಿ ಕಾದಿದ್ದ ಆ ಟೆಂಪೋ, ಒಂದು ಹಲ್ಲೂ ಸದ್ದು ಮಾಡದೆ, ಒಂದು ಬೊಟ್ಟೂ ಬೆನ್ನು ತೋರಿಸದೆ, ಹಿಂದೆ ಹಿಂದೆ ರಸ್ತೆಗೆ ಇಳಿಯಿತು.